ಮುಂದಿನ ಪೀಳಿಗೆಗೆ ಹರಿಯದ ಜರ್ಮನ್: ಬಾಸೆಲ್ ಮಿಶನ್ ಸಮುದಾಯ, ಅದರ ಸಭೆ ಮತ್ತು ಕರ್ನಾಟಕದಲ್ಲಿ ಭಾಷಾ ಆಯ್ಕೆ

ಸಾರಾಂಶ

ವಲಸೆ ಹೋದ ಜರ್ಮನ್ ಲೂಥರನ್ ಸಮುದಾಯಗಳಲ್ಲಿ ಚರ್ಚು ಮೂಲಭಾಷೆಯನ್ನು ಉಳಿಸುವ ಕೊನೆಯ ಕೋಟೆಯಾಗಿರುತ್ತದೆ ಎಂಬುದು ಭಾಷಾ ಸಂಪರ್ಕದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬರುವ ನಿರ್ಣಯ. 1834ರಿಂದ ಮೊದಲ ಮಹಾಯುದ್ಧದವರೆಗೆ ಕರ್ನಾಟಕದಲ್ಲಿ ನೆಲೆಸಿದ್ದ ಬಾಸೆಲ್ ಮಿಶನ್ನಿನ ಜರ್ಮನ್ ಸಮುದಾಯವು ಈ ನಿರ್ಣಯಕ್ಕೆ ಹೊಂದುವುದಿಲ್ಲ. ಇಲ್ಲಿ ಸಭೆಯು ಜರ್ಮನ್ ಭಾಷೆಯನ್ನು ಕಾಯಲಿಲ್ಲ. ಸ್ಥಳೀಯ ಭಾಷೆಗಳಲ್ಲಿ ಒಂದನ್ನು ಆರಿಸಿ ಅದಕ್ಕೆ ಅಚ್ಚಿನ ಅಧಿಕಾರ ಕೊಟ್ಟಿತು. ಈ ವ್ಯತ್ಯಾಸಕ್ಕೆ ಸಮುದಾಯದ ಕುಟುಂಬ ರಚನೆಯೇ ಮುಖ್ಯ ಕಾರಣವೆಂದೂ, ಅದರ ಭಾಷಿಕ ಪರಿಣಾಮಗಳನ್ನು ತುಳುವಿನ ಲಿಪಿ, ಸಭೆಯ ಪದಕೋಶ, ಕೀರ್ತನೆಗಳ ಛಂದಸ್ಸು ಹಾಗೂ ಕಿಟೆಲ್ ನಿಘಂಟಿನ ಪ್ರದೇಶಸೂಚಕಗಳಲ್ಲಿ ಗುರುತಿಸಬಹುದೆಂದೂ ಪ್ರಸ್ತುತ ಲೇಖನವು ವಾದಿಸುತ್ತದೆ.

ಪ್ರಮುಖ ಪದಗಳು: ಬಾಸೆಲ್ ಮಿಶನ್, ಭಾಷಾ ವರ್ಗಾವಣೆ, ತುಳು, ಲಿಪಿ, ಕಿಟೆಲ್, ಪ್ರಾದೇಶಿಕ ಭೇದ

1. ಪ್ರವೇಶ

ದಕ್ಷಿಣ ಆಸ್ಟ್ರೇಲಿಯಾದ ಬರೋಸ ಕಣಿವೆಯ ಜರ್ಮನರ ಚರಿತ್ರೆ ವಲಸೆ ಭಾಷೆಗಳ ಅಧ್ಯಯನದಲ್ಲಿ ಪ್ರಸಿದ್ಧವಾದುದು. ಪ್ರಷ್ಯದ ಅರಸನು ಲೂಥರನ್ ಮತ್ತು ರಿಫಾರ್ಮ್ಡ್ ಚರ್ಚುಗಳನ್ನು ಒಂದುಗೂಡಿಸಿದ್ದನ್ನು ಒಪ್ಪದ ಲೂಥರನ್ನರು ಪಾದ್ರಿ ಆಗಸ್ಟ್ ಕಾವೆಲರ ಮುಂದಾಳುತನದಲ್ಲಿ 1838ರಲ್ಲಿ ದಕ್ಷಿಣ ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಿದರು. ಅವರ ಪ್ರಾರ್ಥನೆ, ಶಾಲೆ, ಸಮಾಧಿಯ ಕಲ್ಲು ಎಲ್ಲವೂ ಜರ್ಮನ್ ಭಾಷೆಯಲ್ಲಿದ್ದವು. 1917ರಲ್ಲಿ ಸರಕಾರವು ಲೂಥರನ್ ಶಾಲೆಗಳನ್ನು ಮುಚ್ಚಿಸಿ, ಜರ್ಮನ್ ಮೂಲದ 69 ಸ್ಥಳನಾಮಗಳನ್ನು ಬದಲಿಸಲು ಕಾನೂನು ಮಾಡಿದಾಗ ಪೆಟ್ಟು ಬಿದ್ದದ್ದು ಈ ಕೋಟೆಯ ಮೇಲೆ.

ಅದೇ ಯುದ್ಧಕಾಲದಲ್ಲಿ ಮಂಗಳೂರಿನ ಜರ್ಮನರನ್ನೂ ಬ್ರಿಟಿಷ್ ಸರಕಾರವು ಬಂಧನದಲ್ಲಿರಿಸಿ, ಅನಂತರ ಸ್ವದೇಶಕ್ಕೆ ಕಳುಹಿಸಿತು. ಅವರ ನೇಯ್ಗೆ ಹಾಗೂ ಹಂಚಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ವಶವಾದವು. ಆಡಳಿತ, ಆಸ್ತಿ, ಜನ ಎಲ್ಲವೂ ಬದಲಾದವು. ಆದರೆ ಊರಿನ ಸಭೆಗಳ ಆರಾಧನೆಯ ಭಾಷೆ ಬದಲಾಗಬೇಕಾದ ಅಗತ್ಯವೇ ಬರಲಿಲ್ಲ. ಅದು ಮೊದಲಿನಿಂದಲೂ ಕನ್ನಡ ಅಥವಾ ತುಳು ಆಗಿತ್ತು. ಒಂದೇ ಕಾಲದ, ಒಂದೇ ಮೂಲಭಾಷೆಯ ಈ ಎರಡು ಸಮುದಾಯಗಳ ನಡುವೆ ಇಷ್ಟು ಅಂತರ ಹೇಗೆ ಉಂಟಾಯಿತು ಎಂಬುದು ಇಲ್ಲಿಯ ಪ್ರಶ್ನೆ.

2. ಸಮುದಾಯದ ಸ್ವರೂಪ

ಬಾಸೆಲ್ ಮಿಶನ್ 1815ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪನೆಯಾಯಿತು. ಸಂಸ್ಥೆಯ ಕೇಂದ್ರ ಸ್ವಿಸ್ ನೆಲದಲ್ಲಿದ್ದರೂ ಅದರ ಮಿಶನರಿಗಳಲ್ಲಿ ಬಹುಭಾಗ ಜನ ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್ ಪ್ರಾಂತದವರು. ಲೂಥರನ್ ಪರಂಪರೆಯೊಳಗಿನ ಪಯಟಿಸ್ಟ್ ಭಕ್ತಿಪಂಥದಲ್ಲಿ ಬೆಳೆದವರು. ಸಂಸ್ಥೆಯು ಕಟ್ಟುನಿಟ್ಟಾಗಿ ಲೂಥರನ್ ಆಗಿರಲಿಲ್ಲ. ರಿಫಾರ್ಮ್ಡ್ ಪಂಥದವರಿಗೂ ಅದರಲ್ಲಿ ಸ್ಥಾನವಿತ್ತು. ಅಂದರೆ ಕಾವೆಲರ ಅನುಯಾಯಿಗಳು ಯಾವ ಬೆರಕೆಯನ್ನು ವಿರೋಧಿಸಿ ದೇಶ ಬಿಟ್ಟರೋ ಅಂಥ ಬೆರಕೆಯೇ ಬಾಸೆಲಿನ ತಳಹದಿಯಾಗಿತ್ತು. ಪಂಥದ ಗಡಿಯನ್ನು ಕಾಯಬೇಕಾದ ಸಮುದಾಯಕ್ಕೆ ಭಾಷೆಯೂ ಒಂದು ಬೇಲಿಯಾಗುತ್ತದೆ. ಬಾಸೆಲಿನವರಿಗೆ ಅಂಥ ಬೇಲಿ ಬೇಕಿರಲಿಲ್ಲ.

1833ರ ಚಾರ್ಟರ್ ಕಾಯಿದೆಯು ಬ್ರಿಟಿಷೇತರ ಮಿಶನರಿಗಳಿಗೆ ದಾರಿ ತೆರೆದ ಮರುವರ್ಷ, 1834ರ ಅಕ್ಟೋಬರಿನಲ್ಲಿ, ಸಾಮ್ಯುವೆಲ್ ಹೆಬಿಕ್, ಯೋಹಾನ್ ಕ್ರಿಸ್ಟೋಫ್ ಲೇನರ್ ಮತ್ತು ಕ್ರಿಸ್ಟಿಯನ್ ಲಿಯೊನಾರ್ಡ್ ಗ್ರೈನರ್ ಮಂಗಳೂರಿಗೆ ಬಂದರು. ಬಳಿಕ ಧಾರವಾಡ (1837), ಹುಬ್ಬಳ್ಳಿ (1839), ಬೆಟಗೇರಿ (1841) ಕೇಂದ್ರಗಳು ಆರಂಭವಾದವು. 1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್, ಅವರ ಬಂಧು ಗಾಟ್‌ಫ್ರೀಡ್ ವೈಗ್ಲೆ, 1853ರಲ್ಲಿ ಬಂದ ಫರ್ಡಿನೆಂಡ್ ಕಿಟೆಲ್ ಇವರ ಹೆಸರುಗಳು ಕನ್ನಡ ವಿದ್ವತ್ತಿನ ಚರಿತ್ರೆಯಲ್ಲಿ ಸುಪರಿಚಿತ. ಇವರ ಕೃತಿಗಳ ಪಟ್ಟಿಯನ್ನು ಇಲ್ಲಿ ಮತ್ತೆ ಕೊಡುವ ಅಗತ್ಯವಿಲ್ಲ. ಇವರನ್ನು ಒಂದು ವಲಸೆ ಸಮುದಾಯವೆಂದು ನೋಡಿದವರು ಕಡಿಮೆ; ಭಾಷಾವಿಜ್ಞಾನದ ದೃಷ್ಟಿಯಿಂದ ಆ ನೋಟವೇ ಹೆಚ್ಚು ಫಲದಾಯಕ.

3. ಎರಡನೆಯ ಪೀಳಿಗೆಯಿಲ್ಲದ ವಲಸೆ

ಮಿಶನರಿಗಳ ಮನೆಯಲ್ಲಿ ಜರ್ಮನ್ ಬಳಕೆಯಲ್ಲಿತ್ತು. ಬಾಸೆಲಿನ ಸಮಿತಿಗೆ ಹೋಗುತ್ತಿದ್ದ ವರದಿಗಳೂ ಪತ್ರಗಳೂ ಜರ್ಮನ್ ಭಾಷೆಯಲ್ಲಿದ್ದವು. ಮದುವೆಗೆ ಸಮಿತಿಯ ಅನುಮತಿ ಬೇಕಾಗಿತ್ತು. ಹಲವರಿಗೆ ವಧುಗಳು ಯೂರೋಪಿನಿಂದಲೇ ಬಂದರು. ಹೀಗೆ ನೋಡಿದರೆ ಒಂದು ಜರ್ಮನ್ ಭಾಷಾದ್ವೀಪ ರೂಪುಗೊಳ್ಳಲು ಬೇಕಾದ ಸಾಮಗ್ರಿಯೆಲ್ಲ ಇತ್ತು. ಅದು ರೂಪುಗೊಳ್ಳಲಿಲ್ಲ, ಕಾರಣ ಮಕ್ಕಳ ವಿಷಯದಲ್ಲಿ ಮಿಶನ್ ಕೈಗೊಂಡ ನಿರ್ಧಾರ. 1853ರ ಮಕ್ಕಳ ನಿಯಮದ ಪ್ರಕಾರ, ಶಾಲೆಯ ವಯಸ್ಸಿಗೆ ಬಂದ ಮಕ್ಕಳನ್ನು ಯೂರೋಪಿಗೆ ಕಳುಹಿಸಬೇಕಾಗಿತ್ತು. ಬಾಸೆಲಿನಲ್ಲಿ ಅವರಿಗಾಗಿಯೇ ಒಂದು ಮಕ್ಕಳ ಮನೆ ನಡೆಯುತ್ತಿತ್ತು. ತಂದೆತಾಯಿಗಳೂ ಮಕ್ಕಳೂ ವರ್ಷಗಟ್ಟಲೆ ಪತ್ರಗಳಲ್ಲಿಯೇ ಒಬ್ಬರನ್ನೊಬ್ಬರು ಕಾಣಬೇಕಾಯಿತು.

ನಿಯಮ ಬರುವ ಮೊದಲೂ ಈ ರೂಢಿಯಿತ್ತು. ಮಲಯಾಳ ನಿಘಂಟುಕಾರ ಹರ್ಮನ್ ಗುಂಡರ್ಟರ ಮಗಳು ಮೇರಿ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದಳು; ಎಳೆಯ ವಯಸ್ಸಿನಲ್ಲಿಯೇ ಯೂರೋಪಿನಲ್ಲಿ ಉಳಿಯಬೇಕಾಯಿತು; 1857ರಲ್ಲಿ ತರುಣಿಯಾಗಿ ತಂದೆತಾಯಿಗಳ ಬಳಿಗೆ ಮರಳಿದಳು. ಮುಂದೆ ಮಂಗಳೂರಿನಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದ ಯೋಹಾನೆಸ್ ಹೆಸ್ಸೆ ಅವಳನ್ನು ಮದುವೆಯಾದರು. ಕಾದಂಬರಿಕಾರ ಹರ್ಮನ್ ಹೆಸ್ಸೆ ಇವರ ಮಗ.

ಭಾಷಾ ಸಂಪರ್ಕದಿಂದ ಹೊಸ ಭಾಷಾಭೇದವೊಂದು ಹುಟ್ಟಬೇಕಾದರೆ ಸಾಮಾನ್ಯವಾಗಿ ಎರಡು ಭಾಷೆಗಳ ನಡುವೆ ಬೆಳೆಯುವ ಮಕ್ಕಳು ಬೇಕು. ಬೀದಿಯಲ್ಲಿ ತುಳು, ಮನೆಯಲ್ಲಿ ಜರ್ಮನ್, ಶಾಲೆಯಲ್ಲಿ ಎರಡನ್ನೂ ಬೆರೆಸುವ ಮಗುವೇ ಅಂಥ ಭೇದದ ಕರ್ತೃ. ಬಾಸೆಲ್ ಸಮುದಾಯವು ಪ್ರತಿಯೊಂದು ಪೀಳಿಗೆಯಲ್ಲಿಯೂ ಆ ಮಗುವನ್ನು ಹಡಗು ಹತ್ತಿಸಿತು. ಹೀಗೆ ಸುಮಾರು 80 ವರ್ಷಗಳ ಕಾಲ ಅದು ಹೊಸಬರಿಂದಲೇ ಭರ್ತಿಯಾಗುತ್ತ, ಸದಾ ಮೊದಲ ಪೀಳಿಗೆಯಾಗಿಯೇ ಉಳಿಯಿತು. ಬರೋಸದ ಜರ್ಮನ್ನಿಗೆ ಸಮನಾದ ‘ಮಂಗಳೂರು ಜರ್ಮನ್’ ಹುಟ್ಟದಿದ್ದುದರ ಮೂಲ ಇಲ್ಲಿದೆ. ಭಾಷಾ ಅಭಿಮಾನ, ಸಂಖ್ಯಾಬಲ ಮುಂತಾದ ವಿವರಣೆಗಳಿಗಿಂತ ಕುಟುಂಬದ ಈ ಕಡಿತವೇ ಹೆಚ್ಚು ನಿರ್ಣಾಯಕ.

4. ಸಭೆಯ ಭಾಷೆ: ಕನ್ನಡವೋ ತುಳುವೋ?

ಜನರಿಗೆ ದೇವರ ವಾಕ್ಯವು ಅವರ ತಾಯ್ನುಡಿಯಲ್ಲಿ ದೊರೆಯಬೇಕೆಂಬುದು ಲೂಥರನಿಂದ ಬಂದ ತತ್ತ್ವ. ಜರ್ಮನಿಯಲ್ಲಿ ಈ ತತ್ತ್ವದ ಎದುರಾಳಿ ಲ್ಯಾಟಿನ್. ಮಂಗಳೂರಿನಲ್ಲಿ ಪರಿಸ್ಥಿತಿ ಬೇರೆ. ಹೊಸದಾಗಿ ಸಭೆ ಸೇರಿದವರಲ್ಲಿ ಬಹಳ ಮಂದಿಯ ಮನೆಮಾತು ತುಳು; ನ್ಯಾಯಾಲಯ, ಲೆಕ್ಕಪತ್ರ, ಪಾಠಶಾಲೆಗಳ ಭಾಷೆ ಕನ್ನಡ; ಪಟ್ಟಣದಲ್ಲಿ ಕೊಂಕಣಿಯೂ ಧಾರಾಳವಾಗಿತ್ತು. ‘ತಾಯ್ನುಡಿ’ ಎಂಬ ಒಂದೇ ಪದವು ಇಲ್ಲಿ ಉತ್ತರ ಕೊಡುವ ಬದಲು ಪ್ರಶ್ನೆಯನ್ನೇ ಎಬ್ಬಿಸುತ್ತಿತ್ತು.

ಮಿಶನ್ ಎರಡೂ ದಿಕ್ಕಿನಲ್ಲಿ ಹೆಜ್ಜೆಯಿಟ್ಟಿತು. ಗ್ರೈನರ್ ತುಳುವನ್ನು ಕಲಿತು ಅನುವಾದಕ್ಕೆ ತೊಡಗಿದರು. 1842ರಲ್ಲಿ ಮತ್ತಾಯನ ಸುವಾರ್ತೆ, 1847ರಲ್ಲಿ ಇಡೀ ಹೊಸ ಒಡಂಬಡಿಕೆ ತುಳುವಿನಲ್ಲಿ ಅಚ್ಚಾದವು. ತುಳುವಿನ ಅಚ್ಚಾದ ಗದ್ಯಕ್ಕೆ ಇದೇ ಬುನಾದಿ. ಆದರೆ 1841ರಲ್ಲಿ ಆರಂಭವಾದ ಮುದ್ರಣಾಲಯದ ಮುಖ್ಯ ಹರಿವು ಕನ್ನಡದ್ದಾಗಿತ್ತು. 1843ರ ಜುಲೈ 1ರಂದು ಮೋಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’ ತುಳು ಮಾತನಾಡುವ ಪಟ್ಟಣದಲ್ಲಿ ಹುಟ್ಟಿದ ಕನ್ನಡ ಪತ್ರಿಕೆ. ಶಾಲಾ ಪಠ್ಯ, ಪಂಚಾಂಗ, ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯ ಹಳೆಯ ಕಾವ್ಯಗಳು, ವ್ಯಾಕರಣ, ನಿಘಂಟು ಎಲ್ಲವೂ ಕನ್ನಡದ ಸುತ್ತಲೇ ಬೆಳೆದವು.

ಚಾರ್ಲ್ಸ್ ಫರ್ಗ್ಯುಸನ್ 1959ರಲ್ಲಿ ಒಂದೇ ಭಾಷೆಯ ಎರಡು ಸ್ತರಗಳ ನಡುವಿನ ಕಾರ್ಯವಿಭಜನೆಯನ್ನು ವಿವರಿಸಲು ‘ಡೈಗ್ಲಾಸಿಯ’ ಎಂಬ ಪರಿಕಲ್ಪನೆಯನ್ನು ಬಳಸಿದರು. 1967ರಲ್ಲಿ ಜೋಶುವಾ ಫಿಶ್‌ಮನ್ ಅದನ್ನು ಬೇರೆ ಬೇರೆ ಭಾಷೆಗಳಿಗೂ ವಿಸ್ತರಿಸಿದರು. ಈ ವಿಸ್ತೃತ ಅರ್ಥದಲ್ಲಿ ಕರಾವಳಿಯ ಪ್ರಾಟೆಸ್ಟಂಟ್ ಸಭೆ ಒಂದು ಸ್ಪಷ್ಟ ನಿದರ್ಶನ. ಓದು, ಲೆಕ್ಕ, ದೇವಶಾಸ್ತ್ರ, ಪತ್ರಿಕೆ ಕನ್ನಡದಲ್ಲಿ. ಮನೆ, ಗದ್ದೆ, ಕಾರ್ಖಾನೆಯ ಮಾತು ತುಳುವಿನಲ್ಲಿ. ಪ್ರಾರ್ಥನೆ ಮತ್ತು ಹಾಡು ಎರಡರ ನಡುವೆ. ಈ ಶ್ರೇಣಿಯನ್ನು ಮಿಶನ್ ಹುಟ್ಟಿಸಲಿಲ್ಲ. ಕನ್ನಡವು ಆಡಳಿತ ಭಾಷೆಯಾಗಿ ಮೊದಲೇ ಮೇಲಿನ ಸ್ಥಾನದಲ್ಲಿತ್ತು. ಮಿಶನ್ ಮಾಡಿದ್ದು ಅದನ್ನು ಅಚ್ಚಿನ ಮೂಲಕ ಬಿಗಿಗೊಳಿಸಿದ್ದು. ಹಿಂದೆ ಓದುಬರಹದಿಂದ ದೂರವಿದ್ದ ಕುಟುಂಬಗಳಿಗೂ ‘ಬರೆಯುವುದೆಂದರೆ ಕನ್ನಡ’ ಎಂಬ ಸಮೀಕರಣ ತಲುಪಿತು.

5. ತುಳುವಿಗೆ ಕನ್ನಡ ಲಿಪಿ: ಎರಡು ಸ್ವರಗಳ ಕಥೆ

ತುಳುನಾಡಿನಲ್ಲಿ ತಿಗಳಾರಿ ಎಂದೂ ಕರೆಯಲಾಗುವ ಲಿಪಿ ಬಳಕೆಯಲ್ಲಿತ್ತು. ಅದು ಹೆಚ್ಚಾಗಿ ಸಂಸ್ಕೃತ ಗ್ರಂಥಗಳ ತಾಳೆಗರಿಗಳಿಗೆ ಮೀಸಲಾಗಿತ್ತು. ಮಿಶನ್ ತುಳುವನ್ನು ಕನ್ನಡ ಲಿಪಿಯಲ್ಲಿ ಅಚ್ಚು ಮಾಡಿತು. ಅದೇ ಮುದ್ರಣಾಲಯ, ಅದೇ ಓದುಗರು, ಅದೇ ಶಾಲೆ ಇದ್ದಾಗ ಇದು ಸಹಜವಾದ ಆಯ್ಕೆಯೇ. ಆದರೆ ಲಿಪಿಯ ಜೊತೆಯಲ್ಲಿ ಅದರ ಧ್ವನಿ ವಿಶ್ಲೇಷಣೆಯೂ ಬರುತ್ತದೆ. ಕನ್ನಡಕ್ಕೆ ಬೇಡವಾದ, ತುಳುವಿಗೆ ಬೇಕಾದ ಎರಡು ವ್ಯತ್ಯಾಸಗಳು ಇಲ್ಲಿ ಸಮಸ್ಯೆಯಾದವು.

ಮೊದಲನೆಯದು ಪದಾಂತ್ಯದ ಸಂವೃತ ಉಕಾರ: ತುಟಿ ದುಂಡಾಗದೆ ಉಚ್ಚರಿಸುವ ಉಕಾರ. ‘ಮನೆ’ ಎಂಬರ್ಥದ ‘ಇಲ್ಲ್’ ಪದದ ಕೊನೆಯ ಸ್ವರವೂ ‘ಊರು’ ಪದದ ಕೊನೆಯ ಸ್ವರವೂ ತುಳುವರ ಕಿವಿಗೆ ಬೇರೆ ಬೇರೆ. ತುಳುವಿನ ವ್ಯಾಕರಣ ಬರೆದ ಬ್ರಿಗೆಲ್ (1872), ನಿಘಂಟು ರಚಿಸಿದ ಮ್ಯಾನರ್ (1886) ಇಬ್ಬರೂ ಈ ಸ್ವರವನ್ನು ಗುರುತಿಸಿ, ಕೇಳಿಸುವ ರೀತಿಯನ್ನು ಫ್ರೆಂಚ್ ಉದಾಹರಣೆಯಿಂದ ವಿವರಿಸಿದರು. ಬರವಣಿಗೆಯಲ್ಲಿ ಅದಕ್ಕೆ ವ್ಯಂಜನಾಂತ್ಯದ ಹಲಂತ ಚಿಹ್ನೆಯನ್ನೇ ಬಳಸಿದರು. ಕನ್ನಡದಲ್ಲಿ ‘ಸ್ವರವಿಲ್ಲ’ ಎಂದು ಹೇಳುವ ಚಿಹ್ನೆ ತುಳುವಿನಲ್ಲಿ ‘ಇಲ್ಲೊಂದು ಸ್ವರವಿದೆ’ ಎಂದು ಹೇಳತೊಡಗಿತು. ಇಂದಿಗೂ ಇದೇ ರೂಢಿ. ತುಳು ತಿಳಿಯದ ಕನ್ನಡಿಗರು ‘ಇಲ್ಲ್’ ಎಂಬುದನ್ನು ಲಕಾರದಲ್ಲಿಯೇ ನಿಲ್ಲಿಸಿ ಓದುವುದಕ್ಕೆ ಕಾರಣ ಇದೇ.

ಎರಡನೆಯದು ಪದಾಂತ್ಯದ ಎರಡು ಬಗೆಯ ಎಕಾರ. ಒಂದು ಸಾಮಾನ್ಯ ಎಕಾರ; ಇನ್ನೊಂದು ಬಾಯನ್ನು ಹೆಚ್ಚು ತೆರೆದು ಹೇಳುವ ವಿವೃತ ಎಕಾರ. ‘ನಾನು ಮಾಡುತ್ತೇನೆ’ ಮತ್ತು ‘ಅವನು ಮಾಡುತ್ತಾನೆ’ ಎಂಬ ಅರ್ಥದ ತುಳು ಕ್ರಿಯಾರೂಪಗಳನ್ನು ಈ ಸ್ವರವೊಂದೇ ಬೇರ್ಪಡಿಸುತ್ತದೆ. ರೂಢಿಯ ಕನ್ನಡ ಲಿಪಿಯಲ್ಲಿ ‘ಮಲ್ಪುವೆ’ ಎಂದು ಬರೆದರೆ ಉತ್ತಮ ಪುರುಷವೋ ಪ್ರಥಮ ಪುರುಷವೋ ಸಂದರ್ಭದಿಂದಲೇ ತಿಳಿಯಬೇಕು. ಎಸ್. ಯು. ಪಣಿಯಾಡಿಯವರು 1932ರ ತಮ್ಮ ತುಳು ವ್ಯಾಕರಣದಲ್ಲಿ ವಿವೃತ ಸ್ವರಕ್ಕೆ ಎರಡು ತಲಕಟ್ಟುಗಳ ಪ್ರತ್ಯೇಕ ಗುರುತನ್ನು ಬಳಸಿದರು. 1988ರಿಂದ ಪ್ರಕಟವಾದ ತುಳು ನಿಘಂಟಿನಲ್ಲಿ ಯು. ಪಿ. ಉಪಾಧ್ಯಾಯರು ಅದನ್ನೇ ಅನುಸರಿಸಿದರು. ವಿದ್ವತ್ ಗ್ರಂಥಗಳ ಹೊರಗೆ ಈ ಗುರುತು ನೆಲೆಯೂರಲಿಲ್ಲ. ಜನರ ಕೈಗೆ ಮೊದಲು ತಲುಪಿದ ಬರವಣಿಗೆಯ ರೂಢಿಗೆ ಎಷ್ಟು ಬಲವಿರುತ್ತದೆ ಎಂಬುದಕ್ಕೆ ಇದಕ್ಕಿಂತ ಸರಳವಾದ ನಿದರ್ಶನ ದೊರಕದು.

2024ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಯುನಿಕೋಡಿನ 16ನೆಯ ಆವೃತ್ತಿಯಲ್ಲಿ ತುಳು–ತಿಗಳಾರಿ ಲಿಪಿಗೆ ಸ್ಥಾನ ಸಿಕ್ಕಿದೆ. ಸಂವಿಧಾನದ ಎಂಟನೆಯ ಪರಿಚ್ಛೇದಕ್ಕೆ ತುಳುವನ್ನು ಸೇರಿಸಬೇಕೆಂಬ ಬೇಡಿಕೆಯ ಜೊತೆಯಲ್ಲಿ ಲಿಪಿಯ ಪ್ರಶ್ನೆಯೂ ಮರಳಿ ಬಂದಿದೆ. ಈ ಚರ್ಚೆಯಲ್ಲಿ ಮಿಶನ್ನಿನವರನ್ನು ತುಳುವಿನ ಉದ್ಧಾರಕರೆಂದು ಹೊಗಳುವವರೂ ತುಳು ಲಿಪಿಯನ್ನು ಮರೆಸಿದವರೆಂದು ದೂರುವವರೂ ಇದ್ದಾರೆ. ಎರಡು ಮಾತಿಗೂ ಆಧಾರವಿದೆ: ತುಳುವನ್ನು ಅಚ್ಚಿಗೆ ತಂದ ಕೈಯೇ ಅದನ್ನು ಮತ್ತೊಂದು ಭಾಷೆಯ ಅಕ್ಷರಗಳೊಳಗೆ ಕೂಡಿಸಿತು.

6. ಜರ್ಮನ್ ಪದಗಳಿಲ್ಲದ ಪದಕೋಶ

ಸಭೆಯ ಕನ್ನಡದಲ್ಲಿ ಜರ್ಮನ್ ಎರವಲುಗಳನ್ನು ಹುಡುಕುವವರಿಗೆ ನಿರಾಶೆ ಕಾದಿದೆ. ಪ್ರಾಟೆಸ್ಟಂಟ್ ಕನ್ನಡದ ಮುಖ್ಯ ಪದಗಳಾದ ಸಭೆ, ಸಭಾಪಾಲಕ, ಸುವಾರ್ತೆ, ಒಡಂಬಡಿಕೆ, ಕೀರ್ತನೆ, ಆದಿಕಾಂಡ, ಸತ್ಯವೇದ ಇವೆಲ್ಲ ಕನ್ನಡ ಇಲ್ಲವೆ ಸಂಸ್ಕೃತ ಮೂಲದವು. ಈ ಪದಕೋಶ ಬಾಸೆಲಿನವರೊಬ್ಬರದೇ ಅಲ್ಲ. ಬಳ್ಳಾರಿಯಲ್ಲಿದ್ದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರು 1831ರ ವೇಳೆಗೆ ಕನ್ನಡ ಬೈಬಲನ್ನು ಪೂರೈಸಿದ್ದರು. ವೈಗ್ಲೆ ಮುಂತಾದವರು ಅದರ ಪರಿಷ್ಕರಣೆಯಲ್ಲಿ ಭಾಗಿಗಳಾದರು. ‘ಕಾಂಡ’ ರಾಮಾಯಣದ ವಿಭಾಗಕ್ರಮವನ್ನೂ ‘ಕೀರ್ತನೆ’ ದಾಸರ ಹಾಡುಗಳನ್ನೂ ನೆನಪಿಗೆ ತರುತ್ತದೆ. ‘ಒಡಂಬಡು’ ಧಾತುವಿನಿಂದಾದ ‘ಒಡಂಬಡಿಕೆ’ ಅಚ್ಚ ಕನ್ನಡದ್ದು. ವ್ಯವಹಾರದ ಕರಾರಿಗೆ ಬಳಸುತ್ತಿದ್ದ ಪದಕ್ಕೆ ಇಲ್ಲಿ ದೇವರು–ಮನುಷ್ಯರ ನಡುವಿನ ಒಪ್ಪಂದದ ಅರ್ಥ ಬಂತು. ಕ್ಯಾಥೊಲಿಕ್ ಕನ್ನಡವು ‘ಶುಭಸಂದೇಶ’, ‘ಧರ್ಮಸಭೆ’ ಎನ್ನುವಲ್ಲಿ ಪ್ರಾಟೆಸ್ಟಂಟ್ ಕನ್ನಡವು ‘ಸುವಾರ್ತೆ’, ‘ಸಭೆ’ ಎನ್ನುತ್ತದೆ. ಪಂಥಭೇದವು ಹೀಗೆ ಎರಡು ಕನ್ನಡ ಪದಗಳ ನಡುವಿನ ಭೇದವಾಗಿ ನೆಲೆಸಿದೆ.

ಸಭೆಯ ಹೊರಗೂ ಇದೇ ಪ್ರವೃತ್ತಿ. ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಆರಂಭಿಸಿದ ಕಾರ್ಖಾನೆಯ ಹೆಂಚು ಈ ಸಮುದಾಯದ ಅತ್ಯಂತ ದೂರ ಪಯಣಿಸಿದ ಕೊಡುಗೆ. ಯಂತ್ರ ಹೊಸದು, ಆಕಾರ ಹೊಸದು. ಹೆಸರು ಮಾತ್ರ ಹಳೆಯ ‘ಹಂಚು’. ಮಡಕೆಯ ಚೂರಿಗೂ ರೊಟ್ಟಿ ಸುಡುವ ಬಾಣಲೆಗೂ ನಾಡಹೆಂಚಿಗೂ ಇದ್ದ ಪದವೇ ವಿಸ್ತರಿಸಿತು. ವಿಶೇಷಣವಾಗಿ ‘ಮಂಗಳೂರು’ ಸೇರಿತು. ಎರವಲು ಪದಗಳ ಎಣಿಕೆಯಿಂದ ಸಂಪರ್ಕದ ತೀವ್ರತೆಯನ್ನು ಅಳೆಯುವ ವಿಧಾನಕ್ಕೆ ಇದೊಂದು ಎಚ್ಚರಿಕೆ: ಈ ಸಂಪರ್ಕ ಆಳವಾಗಿತ್ತು, ಎರವಲು ಇಲ್ಲವೆನ್ನುವಷ್ಟು ಕಡಿಮೆ.

7. ರಾಗ ಜರ್ಮನ್, ಮಾತ್ರೆ ಕನ್ನಡ

ಜರ್ಮನ್ ಭಾಷೆಯ ಗುರುತು ನಿಜವಾಗಿ ಉಳಿದದ್ದು ಪದಗಳಲ್ಲಲ್ಲ, ಹಾಡಿನ ನಡಿಗೆಯಲ್ಲಿ. ಲೂಥರನ್ ಕೋರಾಲ್ ಗೀತೆಗಳ ಧಾಟಿಗೆ ಕನ್ನಡ ಪದಗಳನ್ನು ಹೊಂದಿಸಿದಾಗ ಎರಡು ಲಯವ್ಯವಸ್ಥೆಗಳು ಎದುರಾದವು. ಜರ್ಮನ್ ಪದ್ಯದಲ್ಲಿ ಎಣಿಕೆಗೆ ಬರುವುದು ಒತ್ತು; ಕೋರಾಲಿನಲ್ಲಿ ಸಾಮಾನ್ಯವಾಗಿ ಒಂದು ಅಕ್ಷರಕ್ಕೆ ಒಂದು ಸ್ವರಸ್ಥಾನ, ಅನೇಕ ಸಾಲುಗಳು ಒತ್ತಿಲ್ಲದ ಅಕ್ಷರದಿಂದ ಆರಂಭ. ಕನ್ನಡದಲ್ಲಿ ಎಣಿಕೆಗೆ ಬರುವುದು ಮಾತ್ರೆ. ಗುರುವಿಗೆ ಎರಡು, ಲಘುವಿಗೆ ಒಂದು. ಕೋರಾಲಿನ ಧಾಟಿಯಲ್ಲಿ ಗುರುಲಘುಗಳೆರಡಕ್ಕೂ ಒಂದೇ ಕಾಲಾವಧಿ ದೊರೆತಾಗ ‘ಬಳೆ’ ಮತ್ತು ‘ಬಾಳೆ’ಗಳನ್ನು ಬೇರ್ಪಡಿಸುವ ಸ್ವರದೀರ್ಘತೆ ಹಾಡಿನಲ್ಲಿ ಕರಗಿಬಿಡುತ್ತದೆ.

ಈ ತೊಡಕನ್ನು ಚೆನ್ನಾಗಿ ಅರಿತವರು ಕಿಟೆಲ್. ಅವರ ‘ಕಥಾಮಾಲೆ’ (1862) ಕ್ರಿಸ್ತಚರಿತ್ರೆಯನ್ನು ದೇಶೀಯ ಛಂದಸ್ಸಿನಲ್ಲಿ ಹೇಳಹೊರಟ ಪ್ರಯತ್ನ. 1875ರಲ್ಲಿ ಅವರು ನಾಗವರ್ಮನ ಛಂದಸ್ಸಿನ ಗ್ರಂಥವನ್ನು ಸಂಪಾದಿಸಿದರು. ಕನ್ನಡ ಛಂದಸ್ಸಿನ ಆಧುನಿಕ ಅಧ್ಯಯನದ ಒಂದು ಬೇರು ಹೀಗೆ ಸಭೆಯ ಹಾಡಿನ ಸಮಸ್ಯೆಯ ನೆರೆಯಲ್ಲಿಯೇ ಇದೆ.

8. ಅಚ್ಚಿನ ವ್ಯಾಪ್ತಿ ಮತ್ತು ಗಡಿಯ ಎರಡು ಬದಿ

ಸಮುದಾಯದ ವ್ಯಾಪ್ತಿ ಬೇರೆ, ಅದರ ಅಚ್ಚಿನ ವ್ಯಾಪ್ತಿ ಬೇರೆ. ಬಾಸೆಲ್ ಮಿಶನ್ನಿನ ಮುಖ್ಯ ಕೇಂದ್ರಗಳು ಮದರಾಸು ಹಾಗೂ ಮುಂಬಯಿ ಆಧಿಪತ್ಯಗಳ ಕನ್ನಡ ಜಿಲ್ಲೆಗಳಲ್ಲಿಯೂ ಕೊಡಗಿನಲ್ಲಿಯೂ ಇದ್ದವು. ಇಂದಿನ ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ಹಿಂದೆ ಹೊನ್ನಾಳಿಯ ಭಾಗವಾಗಿದ್ದ ನ್ಯಾಮತಿ, ಪೂರ್ವಕ್ಕಿರುವ ಜಗಳೂರು ಇವು ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. ಇಲ್ಲಿಯ ಭಾಷೆಯನ್ನು ಅಧ್ಯಯನ ಮಾಡುವವರಿಗೆ ಈ ಸಮುದಾಯವು ಎದುರಾಗುವುದು ಸುಮಾರು 70,000 ಪದಗಳ ಕಿಟೆಲ್ ನಿಘಂಟಿನ (1894) ಪುಟಗಳಲ್ಲಿ.

ಕಿಟೆಲ್ ಅನೇಕ ಪದಗಳ ಮುಂದೆ ಅವು ಎಲ್ಲಿಯ ಬಳಕೆ ಎಂಬುದನ್ನು ಸಂಕ್ಷೇಪಾಕ್ಷರಗಳಲ್ಲಿ ಸೂಚಿಸುತ್ತಾರೆ. ‘ಮೈಸೂರು’ ಮತ್ತು ‘ದಕ್ಷಿಣ ಮರಾಠಾ ಪ್ರದೇಶ’ ಅವುಗಳಲ್ಲಿ ಪ್ರಮುಖ. ಎರಡನೆಯದರ ಅರ್ಥ ಧಾರವಾಡದ ಕಡೆಯ ಕನ್ನಡ. 19ನೆಯ ಶತಮಾನದ ಪ್ರಾದೇಶಿಕ ಭೇದಗಳಿಗೆ ಇವು ಅಮೂಲ್ಯ ಸಾಕ್ಷ್ಯ. ಆದರೆ ಇವು ಆಡಳಿತ ಮತ್ತು ಮಿಶನ್ ಕ್ಷೇತ್ರಗಳ ಹೆಸರುಗಳು, ಉಪಭಾಷಾ ಗಡಿಗಳಲ್ಲ. ಗಡಿಯ ಒಂದು ಬದಿಯಲ್ಲಿ ಹೊನ್ನಾಳಿ, ಇನ್ನೊಂದು ಬದಿಯಲ್ಲಿ ರಾಣೆಬೆನ್ನೂರು ಸೀಮೆ. ಆಗ ಗಡಿಯ ಈಚೆ ಮೈಸೂರು, ಆಚೆ ಮುಂಬಯಿ. ನಿಘಂಟಿನ ಲೆಕ್ಕದಲ್ಲಿ ಹೊನ್ನಾಳಿಯ ಮಾತು ಮೈಸೂರಿನ ಗುಂಪಿಗೆ ಸೇರಬೇಕು. ಮದುವೆ, ಸಂತೆ, ಜಾತ್ರೆಗಳ ಲೆಕ್ಕದಲ್ಲಿ ಅದು ಗಡಿಯಾಚೆಯ ಸೀಮೆಯೊಡನೆ ಬೆರೆಯುತ್ತದೆ. ಈ ನಾಲ್ಕು ತಾಲ್ಲೂಕುಗಳಲ್ಲಿ ಕ್ಷೇತ್ರಕಾರ್ಯ ಕೈಗೊಳ್ಳುವ ಸಂಶೋಧಕರು ಕಿಟೆಲ್ ‘ದಕ್ಷಿಣ ಮರಾಠಾ’ ಎಂದು ಗುರುತಿಸಿದ ಪದಗಳ ಪಟ್ಟಿಯನ್ನು ಹೊನ್ನಾಳಿ, ನ್ಯಾಮತಿಗಳಲ್ಲಿಯೂ ‘ಮೈಸೂರು’ ಎಂದು ಗುರುತಿಸಿದವನ್ನು ಜಗಳೂರಿನಲ್ಲಿಯೂ ಕೇಳಿ ನೋಡಬೇಕು. ಗುರುತು ಮತ್ತು ಬಳಕೆ ಹೊಂದದ ಪ್ರತಿಯೊಂದು ಕಡೆಯೂ ನಿಘಂಟಿನ ಭೂಪಟ ಎಲ್ಲಿ ಮುಗಿದು ಮಾತಿನ ಭೂಪಟ ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ತೋರಿಸುತ್ತದೆ. 1968ರಿಂದ ಮದರಾಸು ವಿಶ್ವವಿದ್ಯಾಲಯವು ಪ್ರಕಟಿಸಿದ ಮರಿಯಪ್ಪ ಭಟ್ಟರ ಪರಿಷ್ಕೃತ ಆವೃತ್ತಿಯನ್ನೂ ಜೊತೆಗಿಟ್ಟುಕೊಂಡರೆ ಈ ಕೆಲಸ ಇನ್ನಷ್ಟು ಸುಲಭ.

9. ಉಪಸಂಹಾರ

ಬಾಸೆಲ್ ಮಿಶನ್ನಿನ ಜರ್ಮನ್ ಸಮುದಾಯವು ಮಕ್ಕಳನ್ನು ಇಲ್ಲಿ ಬೆಳೆಸಲಿಲ್ಲ. ಆದ್ದರಿಂದ ತನ್ನ ಭಾಷೆಯನ್ನು ಇಲ್ಲಿ ಬಿಟ್ಟುಹೋಗಲಿಲ್ಲ. ಅದರ ಸಭೆಯು ಕಾಯಬೇಕಾದ ಮೂಲಭಾಷೆಯಿಲ್ಲದೆ ಸ್ಥಳೀಯ ಭಾಷೆಗಳ ನಡುವೆ ಆಯ್ಕೆ ಮಾಡುವ ಸಂಸ್ಥೆಯಾಯಿತು. ಆ ಆಯ್ಕೆಯ ಲಾಭ ಕನ್ನಡಕ್ಕೆ ಹೆಚ್ಚಾಗಿ ಸಂದಿತು. ತುಳುವಿಗೆ ಅಚ್ಚಿನ ಪ್ರವೇಶವೂ ಎರಡನೆಯ ಸ್ಥಾನವೂ ಒಟ್ಟಿಗೆ ದೊರೆತವು. ಇದನ್ನು ಮಿಶನರಿಗಳ ಕನ್ನಡಸೇವೆ ಎಂದಷ್ಟೇ ಬರೆಯುವುದು ಕನ್ನಡದ ಕಡೆಯಿಂದ ಸತ್ಯ, ತುಳುವಿನ ಕಡೆಯಿಂದ ಅರ್ಧಸತ್ಯ.

ಮುಂದಿನ ಅಧ್ಯಯನಕ್ಕೆ ಸಾಮಗ್ರಿ ಎರಡು ಕಡೆ ಇದೆ: ಬಾಸೆಲಿನ ಮಿಶನ್ ದಾಖಲೆಗಳಲ್ಲಿ ಮತ್ತು ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಸಂಗ್ರಹದಲ್ಲಿ. ಹಳೆಯ ಜರ್ಮನ್ ಕೈಬರಹ ಓದಬಲ್ಲವರೂ ತುಳು ಕೇಳಿ ಬರೆದುಕೊಳ್ಳಬಲ್ಲವರೂ ಕೂಡಿ ಕುಳಿತಾಗ ಮಾತ್ರ ಯಾವ ಸಭೆಯಲ್ಲಿ ಯಾವ ಭಾಷೆ ಯಾವಾಗ ಏಕೆ ಬಳಕೆಗೆ ಬಂತು ಎಂಬ ಚರಿತ್ರೆ ಊರೂರಿನ ಮಟ್ಟದಲ್ಲಿ ತೆರೆದುಕೊಳ್ಳುತ್ತದೆ. ಕನ್ನಡ ಮತ್ತು ತುಳು ವಿಭಾಗಗಳೆರಡೂ ಸೇರಿ ಕೈಗೊಳ್ಳಬೇಕಾದ ಕೆಲಸವಿದು.